ಕಲಗಚ್ಚಿನ ಬಾನಿಯಲ್ಲಿ ಸಿಕ್ಕ ಹಿಟ್ಟು

ಈ ಅಂಕಣದಲ್ಲಿ ಹಬ್ಬದ ಅಡುಗೆ, ಉಪ್ಪಿನಕಾಯಿ, ಮನೆಮದ್ದು ಮೊದಲಾದುವನ್ನೇ ನಿರೀಕ್ಷಿಸುವ ಸೋದರಿಯರು ಈ ತಿಂಗಳ ಮಟ್ಟಿಗೆ ನನ್ನನ್ನು ಕ್ಷಮಿಸಬೇಕು. ಪಿಜ್ಜಾ ಎಂಬ ಇಟಲಿ ದೇಶದ ರೊಟ್ಟಿಯ ಹಿಟ್ಟನ್ನು ಬ್ರೆಡ್ ಯಂತ್ರದಲ್ಲಿ ನಾದುವ ವಿಚಾರವನ್ನು ಬರೆಯಲು ಕುಳಿತಿದ್ದೇನೆ. ಹರೂರಿನ ಹಳೆಯ ಮನೆಯೊಂದರಲ್ಲಿ ಕುಳಿತು ಅರವತ್ತು ದಾಟಿದವಳು ಬರೆಯತಕ್ಕ ವಿಷಯವೇ ಇದು ಎಂದು ನೀವು ನಗಬಹುದು. ಎರಡು ತಿಂಗಳ ಹಿಂದೆ ನಾನೂ ನಕ್ಕಿದ್ದೆ. ಆ ನಗುವಿನಿಂದಾದ ಅನಾಹುತವನ್ನು ಮೊದಲು ಹೇಳಿ, ಆಮೇಲೆ ಅಳತೆಗೆ ಬರುತ್ತೇನೆ.

ಯುಗಾದಿ ಕಳೆದು ಹತ್ತು ಹನ್ನೆರಡು ದಿನಗಳಾಗಿದ್ದಿರಬಹುದು. ಬೆಳಗಿನ ಜಾವ ಹಾಲು ಕರೆಯಲೆಂದು ಕೊಟ್ಟಿಗೆಗೆ ಹೋದೆ. ಕಲಗಚ್ಚಿನ ಬಾನಿಯಲ್ಲಿ ಅಕ್ಕಿ ತೊಳೆದ ನೀರಿನ ಮೇಲೆ ಬೆಳ್ಳಗೆ ಏನೋ ತೇಲುತ್ತಿತ್ತು. ಕೋಲಿನಿಂದ ತಿವಿದು ನೋಡಿದರೆ ಮೈದಾ ಹಿಟ್ಟು. ಒಂದಲ್ಲ, ಮೂರು ಮುದ್ದೆ. ಒಂದು ಕಲ್ಲಿನಂತೆ ಗಟ್ಟಿಯಾಗಿ ತಳ ಸೇರಿತ್ತು. ಇನ್ನೊಂದು ಒಡೆದು ಉಂಡೆಉಂಡೆಯಾಗಿತ್ತು. ತೇಲುತ್ತಿದ್ದುದು ಮೂರನೆಯದು; ಅದು ಊದಿಕೊಂಡು, ಗುಳ್ಳೆಯೆದ್ದು, ಹುಳಿ ವಾಸನೆ ಬೀರುತ್ತಿತ್ತು. ಹುದುಗಿದ ಹಸಿ ಹಿಟ್ಟು ಹೆಚ್ಚಾಗಿ ಹೊಟ್ಟೆಗೆ ಹೋದರೆ ದನಗಳಿಗೆ ಹೊಟ್ಟೆಯುಬ್ಬರ ಬರುತ್ತದೆಂಬುದು ದನ ಸಾಕಿದವರಿಗೆಲ್ಲ ಗೊತ್ತು. ಮೂರನ್ನೂ ಎತ್ತಿ ತಿಪ್ಪೆಗೆ ಹಾಕಿ ಕೈ ತೊಳೆದುಕೊಳ್ಳುವಷ್ಟರಲ್ಲಿ ನನಗೆ ವಿಷಯ ಅರ್ಥವಾಗಿತ್ತು. ಹಿಂದಿನ ದಿನ ನಾನು ತೀರ್ಥಮಲೆಗೆ ಹೋಗಿದ್ದೆ. ಇಲ್ಲಿಂದ ಸುಮಾರು 16 ಕಿಲೋಮೀಟರು ದೂರವಾದರೂ, ಬೆಟ್ಟ ಹತ್ತಿ ತೀರ್ಥಗಿರೀಶ್ವರನ ದರ್ಶನ ಮಾಡಿ ಇಳಿದು ಬರುವಾಗ ಸಂಜೆಯಾಗಿತ್ತು. ಅಷ್ಟು ಹೊತ್ತೂ ಮನೆಯಲ್ಲಿದ್ದವರು ಸೊಸೆ ಮತ್ತು ಕೈಗೂಸು ಮಾತ್ರ.

ಆ ಯಂತ್ರ ಮನೆಗೆ ಬಂದ ಬಗೆಯನ್ನೂ ಹೇಳಬೇಕು. ಸೊಸೆಯ ಅಣ್ಣ ಬೆಂಗಳೂರಿನಲ್ಲಿ ಇದ್ದವನು ಹೊರದೇಶಕ್ಕೆ ಹೊರಟಾಗ ಮನೆಯ ಸಾಮಾನುಗಳನ್ನು ಹಂಚಿದ. ತಂಗಿಯ ಪಾಲಿಗೆ ಬಂದುದು ಈ ಬ್ರೆಡ್ ಯಂತ್ರ. ನೋಡಲು ಬಿಳಿಯ ಪೆಟ್ಟಿಗೆ, ಮೇಲೆ ಮುಚ್ಚಳ, ಒಳಗೊಂದು ಡಬ್ಬಿ, ಡಬ್ಬಿಯ ತಳದಲ್ಲಿ ತಿರುಗುವ ಅಲಗು. ಹಿಟ್ಟು ನೀರು ಹಾಕಿ ಗುಂಡಿ ಒತ್ತಿದರೆ ತಾನೇ ನಾದಿ, ತಾನೇ ಬೆಚ್ಚಗಿಟ್ಟು ಉಬ್ಬಿಸುತ್ತದೆ. ಬೇಕಾದರೆ ಬೇಯಿಸಿಯೂ ಕೊಡುತ್ತದೆ. ಅದನ್ನು ಮೇಜಿನ ಮೇಲಿಟ್ಟಾಗ ಮನೆಗೆ ಬಂದಿದ್ದ ನಾದಿನಿಯ ಮುಂದೆ ನಾನು ಅಂದ ಮಾತು ಇದು: "ಎರಡು ಕೈ ಇರುವ ಮನೆಗೆ ಇದೇಕಮ್ಮಾ?" ನಾದಿನಿ ನಕ್ಕಳು, ನಾನೂ ನಕ್ಕೆ. ಸೊಸೆಯೂ ನಕ್ಕಳೆಂದೇ ಭಾವಿಸಿದ್ದೆ.

ಆ ದಿನ ಕಾಫಿ ಕುಡಿಯುವಾಗ ಮೆಲ್ಲಗೆ, "ಬಾನಿಯಲ್ಲಿ ಹಿಟ್ಟು ಕಂಡೆನಲ್ಲ" ಎಂದೆ. ಆಕೆ ಉತ್ತರಿಸಲಿಲ್ಲ, ಮಗುವಿನ ಬಟ್ಟೆ ಮಡಚುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ, "ಒಂದೂವರೆ ಕಿಲೋ ಮೈದಾ ಹಾಳು ಮಾಡಿದೆ ಅತ್ತೆ, ದುಡ್ಡು ನನ್ನದೇ" ಎಂದಳು. ಆ "ನನ್ನದೇ" ಎಂಬ ಮಾತು ನನ್ನನ್ನು ಚುಚ್ಚಿತು. ಮೊಮ್ಮಗಳ ಒಂಬತ್ತನೆಯ ಹುಟ್ಟುಹಬ್ಬಕ್ಕೆ ಪಿಜ್ಜಾ ಮಾಡಿಕೊಡುವೆನೆಂದು ಆಕೆ ಮಾತು ಕೊಟ್ಟಿದ್ದಳಂತೆ. ಹನ್ನೊಂದು ಮಕ್ಕಳನ್ನು ಮೊಮ್ಮಗಳು ಆಗಲೇ ಕರೆದೂ ಆಗಿತ್ತು. ನಾನಿಲ್ಲದ ದಿನ ಗುಟ್ಟಾಗಿ ಕಲಿತುಬಿಡೋಣವೆಂದು ಹೊರಟರೆ ಮೂರೂ ಸಲ ಕೆಟ್ಟಿತು.

"ಕೈಯಲ್ಲೇ ನಾದಿಬಿಡಬಾರದಿತ್ತೇ? ಚಪಾತಿ ಹಿಟ್ಟಿನಂತೆಯೇ ಅಲ್ಲವೇ?" ಎಂದು ನಾನು ಕೇಳಿದೆ. ಆಗ ಆಕೆ ಬಲಗೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ಮಡಿಸಿ ತೋರಿಸಿದಳು. ಮಡಿಸುವಾಗಲೇ ಮುಖ ಕಿವುಚಿಕೊಂಡಿತು. ಮಗು ಹುಟ್ಟಿ ಎಂಟು ತಿಂಗಳು. ಅದನ್ನು ಎತ್ತಿ ಎತ್ತಿ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಸ್ನಾಯುರಜ್ಜು ಊದಿಕೊಂಡಿದೆ. ಬಾಣಂತಿಯರಿಗೆ, ಎಳೆಮಕ್ಕಳ ತಾಯಂದಿರಿಗೆ ಇದು ಆಗಾಗ ಬರುವ ತೊಂದರೆಯೇ. ಸೇಲಂನ ವೈದ್ಯರು ಹಿಂಡುವ, ತಿರುವುವ, ನಾದುವ ಕೆಲಸಗಳನ್ನು ಬಿಡಬೇಕೆಂದಿದ್ದರಂತೆ. ಮಗನಿಗೆ ಹೇಳಿದ್ದಳು, ನನಗೆ ಹೇಳಲು ಅವನು ಮರೆತ. (ಗಂಡುಮಕ್ಕಳ ಮೂಲಕ ಹೇಳಿಕಳುಹಿಸಿದ ಸುದ್ದಿ ಯಾವ ಮನೆಯಲ್ಲಿ ತಲುಪಿದೆ?) ಇಷ್ಟು ದಿನ ಚಪಾತಿ ಬಿರುಸಾಗಿದೆ, ಮುದ್ದೆಯಲ್ಲಿ ಗಂಟಿದೆ ಎಂದು ನಾನು ಆಡಿದ ಮಾತುಗಳೆಲ್ಲ ಆಗ ಸಾಲಾಗಿ ನೆನಪಿಗೆ ಬಂದವು. ಎರಡು ಕೈ ಇರುವ ಮನೆ ಎಂದಿದ್ದೆನಲ್ಲ; ಅವುಗಳಲ್ಲಿ ಒಂದು ಆರು ತಿಂಗಳಿನಿಂದ ನೋಯುತ್ತಿತ್ತು.

ಅಂದು ಮಧ್ಯಾಹ್ನ ಅಡುಗೆ ಮುಗಿದ ಮೇಲೆ ಇಬ್ಬರೂ ಆ ಯಂತ್ರದ ಮುಂದೆ ಕುಳಿತೆವು. ಇಂಗ್ಲಿಷ್ ಕೈಪಿಡಿಯನ್ನು ಆಕೆ ಓದಿದಳು, ನಾನು ಕೇಳಿದೆ. ನನಗೆ ವಿದ್ಯುತ್ತಿನ ಹೆದರಿಕೆ, ಆಕೆಗೆ ಯಂತ್ರ ಕೆಟ್ಟೀತೆಂಬ ಹೆದರಿಕೆ. ಕೆಲಸ ನಡೆಯುವಾಗ ಮುಚ್ಚಳವನ್ನೇ ತೆರೆಯಬಾರದೆಂದು ಆಕೆ ನಂಬಿದ್ದಳು. ಹೀಗಾಗಿ ಮೂರು ಸಲವೂ ಗುಂಡಿ ಒತ್ತಿ, ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಕಾದು, ಕೊನೆಯಲ್ಲಿ ತೆರೆದು ನೋಡಿ ಕಣ್ಣೀರಿಟ್ಟಿದ್ದಳು. ಕಣ್ಣಿನಿಂದ ನೋಡದೆ ಹದವಾಗುವ ಹಿಟ್ಟು ಲೋಕದಲ್ಲಿ ಯಾವುದಿದೆ? ಬೇಯಿಸುವ ಹೊತ್ತಿನಲ್ಲಿ ಮುಚ್ಚಳ ತೆರೆದರೆ ಕಾವು ಹೋಗುತ್ತದೆ, ಅದು ನಿಜ. ನಾದುವ ಹೊತ್ತಿನಲ್ಲಿ ತೆರೆದು ನೋಡುವುದರಿಂದ ಯಾವ ನಷ್ಟವೂ ಇಲ್ಲ. ಮೊದಲ ಐದಾರು ನಿಮಿಷಗಳಲ್ಲಿ ನೋಡಲೇಬೇಕು. ತಿರುಗುವ ಅಲಗಿನ ಬಳಿಗೆ ಬೆರಳು ಒಯ್ಯದೆ, ಮರದ ಚಮಚದ ಹಿಡಿಯಿಂದ ಮುಟ್ಟಿ ನೋಡಿದರೆ ಸಾಕು.

ಮೂರು ಸೋಲುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದೆವು. ಮೊದಲನೆಯದರಲ್ಲಿ, ಬೆಚ್ಚಗಿನ ನೀರು ಎಂದು ಕೈಪಿಡಿಯಲ್ಲಿದ್ದುದನ್ನು ಓದಿ ಆಕೆ ಕುದಿಯುವುದಕ್ಕೆ ಬಂದ ನೀರನ್ನೇ ಸುರಿದಿದ್ದಳು. ಯೀಸ್ಟ್ ಎಂಬುದು ಜೀವವುಳ್ಳ ವಸ್ತು. ಕಾಳುಕಾಳಾಗಿ, ಕಂದಾಗಿ, ಒಣಗಿದ ಸೊಪ್ಪಿನ ಬೀಜದಂತೆ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ಏಕಕೋಶ ಜೀವಿಗಳು ನಿದ್ರಿಸುತ್ತಿರುತ್ತವೆ. 25ರಿಂದ 35 ಡಿಗ್ರಿ ಸೆಲ್ಸಿಯಸ್ ಅವಕ್ಕೆ ಹಿತ. 60ರ ಹತ್ತಿರ ಬಂದರೆ ಸತ್ತೇಹೋಗುತ್ತವೆ. ಸತ್ತ ಯೀಸ್ಟ್ ಹಿಟ್ಟನ್ನು ಉಬ್ಬಿಸುವುದೆಂತು? ಬಾನಿಯ ತಳ ಸೇರಿದ್ದ ಕಲ್ಲು ಅದೇ. ಎರಡನೆಯದರಲ್ಲಿ ಅಳತೆಯ ದೋಷ. ಲೋಟವನ್ನು ಮೈದಾ ಡಬ್ಬಿಯಲ್ಲಿ ಅದುಮಿ ತುಂಬಿದ್ದಳು. ಸಡಿಲವಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ತೂಗಿದರೆ, ಅದುಮಿ ತುಂಬಿದುದು 150 ಗ್ರಾಂ ಮೀರುತ್ತದೆ. ಮೂರು ಕಪ್ಪಿನಲ್ಲಿ ಸುಮಾರು ನೂರು ಗ್ರಾಂ ವ್ಯತ್ಯಾಸ ಬಂದಮೇಲೆ ನೀರು ಸಾಲುವುದೆಲ್ಲಿ? ನಾದುವವಳ ಕೈಯಾದರೆ ಕೂಡಲೇ ಅರಿತು ನೀರು ಚಿಮುಕಿಸುತ್ತಿತ್ತು. ಯಂತ್ರ ಹೇಳಿದಷ್ಟು ಹೊತ್ತು ತಿರುಗಿಸಿ ಸುಮ್ಮನಾಯಿತು.

ಮೂರನೆಯದು ಹೆದರಿಕೆಯ ಫಲ. ಹಿಂದಿನ ಎರಡೂ ಉಬ್ಬಲಿಲ್ಲವೆಂದು ಯೀಸ್ಟನ್ನು ದುಪ್ಪಟ್ಟು ಹಾಕಿದ್ದಳು. ನಮ್ಮೂರಿನ ಚೈತ್ರ ವೈಶಾಖದ ಬಿಸಿಲು ನಿಮಗೆ ಗೊತ್ತಿದೆ. ಅಡುಗೆಮನೆಯೇ ಕಾದ ಹೆಂಚು. ತಣ್ಣನೆಯ ದೇಶದ ಅಡುಗೆಮನೆಗಳನ್ನು ಮನಸ್ಸಿನಲ್ಲಿಟ್ಟು ಯಂತ್ರವನ್ನು ಮಾಡಿದವರು ಹಿಟ್ಟು ಹುದುಗಲೆಂದು ಒಳಗೆ ಇನ್ನಷ್ಟು ಬೆಚ್ಚಗೆ ಮಾಡುವ ಏರ್ಪಾಡನ್ನೂ ಇಟ್ಟಿರುತ್ತಾರೆ. ಹೀಗೆ ಎರಡು ಬಿಸಿ ಸೇರಿ, ಹಿಟ್ಟು ಗಡುವಿಗೆ ಮೊದಲೇ ಉಬ್ಬಿ, ಮುಚ್ಚಳಕ್ಕೆ ಅಂಟಿ, ಹುಳಿತು, ಕುಸಿಯಿತು.

ಇಷ್ಟು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಇದರಲ್ಲಿ ನಮಗೆ ಗೊತ್ತಿಲ್ಲದುದು ಏನಿದೆ? ಬೇಸಿಗೆಯಲ್ಲಿ ಇಡ್ಲಿ ಹಿಟ್ಟು ರಾತ್ರಿ ಹನ್ನೊಂದಕ್ಕೇ ಪಾತ್ರೆ ಮೀರಿ ಬರುವುದನ್ನು ನೋಡದವರು ಯಾರು? ಮಾರ್ಗಶಿರದ ಚಳಿಯಲ್ಲಿ ಅದೇ ಹಿಟ್ಟನ್ನು ಕಂಬಳಿ ಹೊದಿಸಿ ಒಲೆಯ ಪಕ್ಕದಲ್ಲಿ ಇಡುವುದಿಲ್ಲವೇ? ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಉದ್ದಿನ ಬೇಳೆಯೊಡನೆ ಬಂದ ಬ್ಯಾಕ್ಟೀರಿಯಾಗಳು; ಪಿಜ್ಜಾ ಹಿಟ್ಟನ್ನು ಉಬ್ಬಿಸುವುದು ಪೊಟ್ಟಣದ ಯೀಸ್ಟ್. ಕೆಲಸ ಒಂದೇ: ಹಿಟ್ಟಿನ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುವುದು. ಇಡ್ಲಿಯಲ್ಲಿ ಆ ಅನಿಲವನ್ನು ಹಿಡಿದಿಡುವುದು ಉದ್ದಿನ ಲೋಳೆ. ಪಿಜ್ಜಾದಲ್ಲಿ ಹಿಡಿದಿಡುವುದು ಗೋಧಿಯ ಗ್ಲೂಟೆನ್. ನಮ್ಮ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಹೊಲಗಳಲ್ಲಿ ಬೆಳೆಯುವ ರಾಗಿಯಲ್ಲಿ ಈ ಗ್ಲೂಟೆನ್ ಎಂಬುದೇ ಇಲ್ಲ. ಆದುದರಿಂದಲೇ ನಮ್ಮ ಹಿರಿಯರು ರಾಗಿಯನ್ನು ಉಬ್ಬಿಸಲು ಹೋಗದೆ ಕುದಿಯುವ ನೀರಿನಲ್ಲಿ ತಿರುವಿ ಮುದ್ದೆ ಕಟ್ಟಿದರು, ಇಲ್ಲಿನ ಊರವರು ಅದನ್ನೇ ಕಳಿ ಎಂದರು. ಪಿಜ್ಜಾ ಹಿಟ್ಟಿಗೆ ರಾಗಿ ಸೇರಿಸುವ ಆಸೆಯಿದ್ದವರು ನಾಲ್ಕರಲ್ಲಿ ಒಂದು ಪಾಲನ್ನು ಮೀರಬಾರದು.

ಗ್ಲೂಟೆನ್ ಎಂದರೇನೆಂದು ಸೊಸೆ ಕೇಳಿದಾಗ ನಾನು "ಕಣಕ" ಎಂದೆ. ಆಕೆಗೆ ಆ ಮಾತು ಗೊತ್ತಿರಲಿಲ್ಲ. ಸೇಲಂ, ಧರ್ಮಪುರಿಗಳ ಕಡೆಯ ನಮ್ಮ ದೇವಾಂಗ ಮನೆಗಳಲ್ಲಿ ಮನೆಮಾತು ಕನ್ನಡವೇ ಆದರೂ ಅಂಗಡಿಯ ಮಾತು, ಶಾಲೆಯ ಮಾತು ತಮಿಳು. ಆಕೆ ಹಿಟ್ಟಿಗೂ ಮಾವು ಎಂದೇ ಅನ್ನುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ "ಅತ್ತೆ, ಮಾವು ಮುಗಿದಿದೆ" ಎಂದಾಗ, ಕಾರ್ತಿಕ ಮಾಸದಲ್ಲಿ ಮಾವಿನಹಣ್ಣು ಎಲ್ಲಿತ್ತು ಎಂದು ನಾನು ಬೆರಗಾಗಿದ್ದೆ. ಹೋಳಿಗೆಯ ಹೂರಣವನ್ನು ಹೊದೆಯುವ ಹೊರಹಿಟ್ಟೇ ಕಣಕ. ಮೈದಾವನ್ನೋ ಚಿರೋಟಿ ರವೆಯನ್ನೋ ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ಕೈಗೆ ಅಂಟಿದರೂ ಬಿಡದೆ ನಾದಿ, ಎಣ್ಣೆಯಲ್ಲಿ ಮುಳುಗಿಸಿ ಎರಡು ಮೂರು ಗಂಟೆ ನೆನೆಯಬಿಡುತ್ತೇವೆ. ಆಗ ಅದು ಬೆರಳಿನ ಮೇಲೆ ಬಟ್ಟೆಯಂತೆ ಹರಡಿಕೊಳ್ಳುತ್ತದೆ, ಹರಿಯುವುದಿಲ್ಲ. ನಮ್ಮತ್ತೆಯವರು ಕಣಕದ ಚೂರೊಂದನ್ನು ಎರಡು ಕೈಗಳ ಬೆರಳುಗಳ ನಡುವೆ ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಆಚೆಯ ಬೆರಳಿನ ನೆರಳು ಕಂಡರೆ ಹದ, ನಡುವೆ ಹರಿದರೆ ಇನ್ನೂ ನಾದು. ಪಿಜ್ಜಾದ ಹಿಟ್ಟಿಗೂ ಇದೇ ಪರೀಕ್ಷೆಯೆಂದು ಸೊಸೆ ಕೈಪಿಡಿಯ ಚಿತ್ರವನ್ನು ತೋರಿಸಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೋಧಿಯಲ್ಲಿರುವ ಗ್ಲಯಾಡಿನ್, ಗ್ಲೂಟೆನಿನ್ ಎಂಬ ಎರಡು ಪ್ರೋಟೀನುಗಳು ನೀರು ಸೋಕಿ, ನಾದುವಿಕೆಯಿಂದ ಹೆಣೆದುಕೊಂಡು ಬಲೆಯಾಗುತ್ತವೆ. ಒಂದು ಹಿಗ್ಗುವ ಗುಣವನ್ನೂ ಇನ್ನೊಂದು ಮರಳಿ ಕುಗ್ಗುವ ಬಲವನ್ನೂ ಕೊಡುತ್ತದೆ. ಬಸ್ ನಿಲ್ದಾಣದ ಬಳಿ ಪರೋಟಾ ಹೊಡೆಯುವವರು ಹಿಟ್ಟನ್ನು ಗಾಳಿಯಲ್ಲಿ ಬೀಸಿ ಬೀಸಿ ತೆಳ್ಳಗೆ ಮಾಡುವುದೂ ಈ ಬಲೆಯ ಬಲದಿಂದಲೇ. ಅವರು ಕೊಳ್ಳುವಂಥ ಎಳೆತವುಳ್ಳ ಮೈದಾ ಸಿಕ್ಕರೆ ಪಿಜ್ಜಾಕ್ಕೆ ಅದೇ ಲೇಸು.

ಈ ಯಂತ್ರದ ಹುಟ್ಟಿನ ಕಥೆಯೊಂದನ್ನು ಅನಂತರ ಓದಿದೆ. ಜಪಾನಿನ ಇಬ್ಬರು ವಿದ್ವಾಂಸರು, ನೊನಾಕಾ ಮತ್ತು ತಾಕೆಉಚಿ, 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದು ಬರುತ್ತದೆ. 1980ರ ದಶಕದ ನಡುವಿನಲ್ಲಿ ಒಸಾಕಾದ ಮತ್ಸುಶಿತಾ ಕಂಪನಿ (ಇಂದಿನ ಪ್ಯಾನಾಸೋನಿಕ್) ಮನೆಬಳಕೆಯ ಬ್ರೆಡ್ ಯಂತ್ರವನ್ನು ಮಾಡಹೊರಟಿತು. ಮೊದಲ ಮಾದರಿಗಳಲ್ಲಿ ಬ್ರೆಡ್ಡಿನ ಹೊರಮೈ ಸೀದು ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ನುರಿತವರ ಕೈ ನಾದಿದ ಹಿಟ್ಟನ್ನೂ ಎಕ್ಸ್-ರೇ ತೆಗೆದು ಹೋಲಿಸಿದರೂ ಗುಟ್ಟು ಸಿಗಲಿಲ್ಲ. ಆಗ ಇಕುಕೋ ತನಾಕಾ ಎಂಬ ಮಹಿಳೆ, ಕಂಪ್ಯೂಟರ್ ತಂತ್ರಾಂಶ ಬರೆಯುವವಳು, ಒಸಾಕಾದಲ್ಲೇ ಒಳ್ಳೆಯ ಬ್ರೆಡ್ಡಿಗೆ ಹೆಸರಾಗಿದ್ದ ಹೋಟೆಲಿನ ಮುಖ್ಯ ಬೇಕರಿಯವನ ಬಳಿ ಶಿಷ್ಯೆಯಾಗಿ ನಿಂತಳು. ಅವನಿಗೂ ತಾನು ಏನು ಮಾಡುತ್ತಿದ್ದೇನೆಂದು ಬಾಯಲ್ಲಿ ಹೇಳಲು ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ತಾನೂ ನಾದಿ ನಾದಿ ಆಕೆ ಕಂಡುಕೊಂಡದ್ದು ಇಷ್ಟು: ಅವನು ಹಿಟ್ಟನ್ನು ಬರಿದೆ ಎಳೆಯುವುದಿಲ್ಲ, ಎಳೆಯುತ್ತಲೇ ಹುರಿ ಹಾಕುತ್ತಾನೆ. ಆ ಹುರಿಯನ್ನು ಯಂತ್ರಕ್ಕೆ ಕಲಿಸಲು ಡಬ್ಬಿಯ ಒಳಗೋಡೆಯಲ್ಲಿ ಏಣುಗಳನ್ನು ಮಾಡಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂದು ಮೊದಲ ವರ್ಷವೇ ಲಕ್ಷಗಟ್ಟಲೆ ಮನೆಗಳನ್ನು ಸೇರಿತು. ಮಾವನವರ ಕಾಲದವರೆಗೆ ಕೈಮಗ್ಗವಿದ್ದ ಮನೆ ನಮ್ಮದು. ಹುರಿಯಿಲ್ಲದ ನೂಲು ನಿಲ್ಲದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಹಿಟ್ಟಿಗೂ ಹುರಿ ಉಂಟೆಂದು ಮಾತ್ರ ಗೊತ್ತಿರಲಿಲ್ಲ. ನನ್ನ ಕೈ ಅದನ್ನು ನಲವತ್ತು ವರ್ಷಗಳಿಂದ ಮಾಡುತ್ತಲೇ ಇದೆಯೆಂದು ಸೊಸೆ ನೋಡಿ ಹೇಳಿದಳು.

ಇನ್ನು ಅಳತೆ. ಎಂಟು ಅಂಗುಲದ ಮೂರು ಪಿಜ್ಜಾಗಳಿಗೆ ಮೈದಾ 400 ಗ್ರಾಂ, ನೀರು 240 ಮಿಲಿಲೀಟರು, ಅಡುಗೆಯ ಎಣ್ಣೆ ಎರಡು ದೊಡ್ಡ ಚಮಚ, ಸಕ್ಕರೆ ಒಂದು ಸಣ್ಣ ಚಮಚ, ಉಪ್ಪು ಒಂದೂಕಾಲು ಸಣ್ಣ ಚಮಚ, ಇನ್‌ಸ್ಟಂಟ್ ಎಂದು ಬರೆದಿರುವ ಯೀಸ್ಟ್ ಒಂದು ಸಣ್ಣ ಚಮಚ. ನಮ್ಮ ಬೇಸಿಗೆಯಲ್ಲಿ ಮುಕ್ಕಾಲು ಚಮಚ ಸಾಕು. ತಕ್ಕಡಿಯಿದ್ದರೆ ತೂಗಿಯೇ ಹಾಕಿ. ಬಹುಪಾಲು ಯಂತ್ರಗಳಲ್ಲಿ ಮೊದಲು ನೀರು ಎಣ್ಣೆ, ಅದರಲ್ಲಿ ಉಪ್ಪು ಸಕ್ಕರೆ, ಮೇಲೆ ಮೈದಾ, ಮೈದಾದ ನಡುವೆ ಗುಳಿ ಮಾಡಿ ಯೀಸ್ಟ್. ಉಪ್ಪೂ ಯೀಸ್ಟೂ ಮೊದಲೇ ಒಂದನ್ನೊಂದು ಮುಟ್ಟದಿರಲೆಂದು ಈ ಕ್ರಮ. ಕೆಲವು ಯಂತ್ರಗಳಲ್ಲಿ ಕ್ರಮ ತಿರುಗುಮುರುಗು ಇರುತ್ತದೆ. ನಿಮ್ಮ ಕೈಪಿಡಿ ಹೇಳಿದಂತೆ ನಡೆಯಿರಿ. ನೀರನ್ನು ಬಿಸಿ ಮಾಡುವ ಗೋಜೇ ಬೇಡ, ಮಣ್ಣಿನ ಕೊಡದ ನೀರೇ ಒಳ್ಳೆಯದು. 2013ರಲ್ಲಿ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮುಗಿಯುವವರೆಗೆ ಈ ಕಡೆಯ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ತುಂಬಿದ ಕೊಳವೆಬಾವಿ ನೀರನ್ನೇ ಕುಡಿಯಬೇಕಾಗಿತ್ತು, ಮಕ್ಕಳ ಹಲ್ಲು ಕಂದಾಗುತ್ತಿತ್ತು. ಈಗ ಬರುವ ನೀರಿನಲ್ಲಿ ಕ್ಲೋರಿನ್ ವಾಸನೆ ಜೋರಾಗಿದ್ದ ದಿನ ರಾತ್ರಿಯೇ ಹಿಡಿದು ತೆರೆದಿಟ್ಟರೆ ಹೋಗುತ್ತದೆ.

ಯಂತ್ರದಲ್ಲಿ ಹಿಟ್ಟು ಮಾತ್ರ ಮಾಡುವ ಗುಂಡಿ ಬೇರೆ ಇರುತ್ತದೆ, ಅದನ್ನೇ ಒತ್ತಿ. ಯಂತ್ರಕ್ಕೆ ತಕ್ಕಂತೆ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಐದು ನಿಮಿಷ ಕಳೆದ ಮೇಲೆ ಮುಚ್ಚಳ ತೆರೆಯಿರಿ. ಹಿಟ್ಟು ಒಂದೇ ಚೆಂಡಾಗಿ, ಡಬ್ಬಿಯ ಗೋಡೆಯನ್ನು ಬಿಟ್ಟು ತಳಕ್ಕೆ ತುಸುವೇ ಅಂಟಿಕೊಂಡು ತಿರುಗುತ್ತಿರಬೇಕು. ಪುಡಿ ಉದುರುತ್ತಿದ್ದರೆ ಒಂದು ಚಮಚ ನೀರು. ದೋಸೆ ಹಿಟ್ಟಿನಂತೆ ಹರಡಿದ್ದರೆ ಒಂದು ಚಮಚ ಮೈದಾ. ಒಮ್ಮೆಗೆ ಒಂದೇ ಚಮಚ, ಒಂದು ನಿಮಿಷ ಕಾದು ಮತ್ತೊಂದು. ನಾವಿಬ್ಬರೂ ನಾಲ್ಕನೆಯ ಸಲ ಮಾಡಿದಾಗ ಎರಡು ಚಮಚ ನೀರು ಸೇರಿಸಬೇಕಾಯಿತು. ಬೇಸಿಗೆಯಲ್ಲಿ ನಾದುವುದು ಮುಗಿದ ಕೂಡಲೇ ಯಂತ್ರವನ್ನು ನಿಲ್ಲಿಸಿ, ಹಿಟ್ಟನ್ನು ಎಣ್ಣೆ ಸವರಿದ ಪಾತ್ರೆಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿ ಹೊರಗೇ ಇಡುವುದು ಮೇಲು. ಎರಡರಷ್ಟಾದರೆ ಸಾಕು, ಗಡಿಯಾರವನ್ನು ನೋಡುವ ಅಗತ್ಯವಿಲ್ಲ.

ಹುಟ್ಟುಹಬ್ಬದ ದಿನ ಎರಡು ಸರದಿ ಹಿಟ್ಟು ಬೇಕಾಗಿತ್ತು. ಮೊದಲ ಸರದಿ ಮಲ್ಲಿಗೆಯಂತೆ ಉಬ್ಬಿತು. ಎರಡನೆಯದನ್ನು ಹಾಕಿ ಎಂಟು ನಿಮಿಷವಾಗಿತ್ತೋ ಇಲ್ಲವೋ, ಕರೆಂಟು ಹೋಯಿತು. ಇಂಥ ಯಂತ್ರಗಳಲ್ಲಿ ಹಲವು ಹತ್ತು ನಿಮಿಷಗಳೊಳಗೆ ವಿದ್ಯುತ್ತು ಮರಳಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಅದು ಮೀರಿದರೆ ಮರೆತುಬಿಡುತ್ತವೆ. ಕಾಲು ಗಂಟೆ ಕಳೆಯಿತು. ಸೊಸೆಯ ಮುಖದಲ್ಲಿ ಮತ್ತೆ ಆ ಬಾನಿಯ ದಿನದ ಕಳೆ ಕಾಣಿಸಿತು. ನಾನು ಡಬ್ಬಿಯನ್ನು ಎತ್ತಿ ಹಿಟ್ಟನ್ನು ಮಣೆಯ ಮೇಲೆ ಸುರಿದುಕೊಂಡೆ. ಮೈದಾ ಡಬ್ಬಿಗೆ ಕೈ ಹಾಕಿದೆನೋ ಇಲ್ಲವೋ, "ಹಿಟ್ಟು ಸೇರಿಸಬೇಡಿ ಅತ್ತೆ. ಅಂಟಿದರೆ ಅಂಟಲಿ, ಕೈಗೆ ಎಣ್ಣೆ ಸವರಿಕೊಳ್ಳಿ" ಎಂದಳು. ನಾನು ನಾದಿದೆ, ಆಕೆ ಮಗುವನ್ನು ಎಡತೊಡೆಯಲ್ಲಿ ಕೂರಿಸಿಕೊಂಡು ಎದುರಿಗೆ ಕುಳಿತು ಹೇಳಿದಳು. ಎಂಟು ಹತ್ತು ನಿಮಿಷ ಕಳೆದ ಮೇಲೆ ಚೂರೊಂದನ್ನು ಹರಿದು ಎಳೆದು ಕಿಟಕಿಯ ಬೆಳಕಿಗೆ ಹಿಡಿದು, "ಕಣಕ ಆಗಿದೆ ಅತ್ತೆ" ಎಂದಳು. ನಮ್ಮತ್ತೆಯವರ ನೆನಪಾಯಿತು.

ಬೇಯಿಸುವುದಕ್ಕೆ ಕರೆಂಟು ಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಓವನ್ ಇಲ್ಲವೇ ಇಲ್ಲ. ಪಿಜ್ಜಾದ ತವರಾದ ನೇಪಲ್ಸಿನಲ್ಲಿ ಕಟ್ಟಿಗೆಯ ಗೂಡೊಲೆ 400 ಡಿಗ್ರಿಯನ್ನು ಮೀರಿ ಕಾದಿರುತ್ತದೆ, ಒಂದೂವರೆ ನಿಮಿಷದಲ್ಲಿ ಬೆಂದುಬಿಡುತ್ತದೆ. ಅಲ್ಲಿನ ಪಿಜ್ಜಾಗಾರರ ಕೈಚಳಕವನ್ನು ಯುನೆಸ್ಕೋ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮಗೆ ದೋಸೆಯ ಕಬ್ಬಿಣದ ಕಾವಲಿಯೇ ಗತಿ. ಅದೂ ಚೆನ್ನಾಗಿಯೇ ನಡೆಯಿತು. ಹಿಟ್ಟನ್ನು ಲಟ್ಟಿಸದೆ ಬೆರಳಿನಿಂದಲೇ ಒತ್ತಿ ಹರಡಬೇಕು. ಕುಗ್ಗಿಕೊಂಡರೆ ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಬೇಕು. ಕಾದ ಕಾವಲಿಯ ಮೇಲೆ ಹಾಕಿ, ಮುಚ್ಚಳ ಮುಚ್ಚಿ ನಡುವುರಿಯಲ್ಲಿ ಎರಡು ಮೂರು ನಿಮಿಷ. ಅಡಿ ಕೆಂಪಗಾದಾಗ ಮಗುಚಿ, ಬೆಂದ ಮೈಯ ಮೇಲೆ ಟೊಮ್ಯಾಟೊ ಗೊಜ್ಜನ್ನು ತೆಳ್ಳಗೆ ಸವರಿ, ಚೀಸ್ ತುರಿದು ಹಾಕಿ, ಉರಿ ಸಣ್ಣದು ಮಾಡಿ ಮತ್ತೆ ಮುಚ್ಚಬೇಕು. ಚೀಸ್ ಕರಗಿದರೆ ಆಯಿತು. ಗೊಜ್ಜಿಗೆ ನಮ್ಮ ಪಾಲಕ್ಕೋಡಿನ ಟೊಮ್ಯಾಟೊ ಇರುವಾಗ ಶೀಸೆಯ ಸಾಸ್ ಏತಕ್ಕೆ? ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಬಾಡಿಸಿ, ಟೊಮ್ಯಾಟೊ ಹಿಸುಕಿ ಹಾಕಿ, ನೀರು ಆರುವವರೆಗೆ ಕುದಿಸಿ ಉಪ್ಪು, ಒಣಮೆಣಸಿನ ತರಿ ಹಾಕಿದರೆ ಮುಗಿಯಿತು. ಗೊಜ್ಜು ನೀರಾಗಿದ್ದರೆ ಮಾತ್ರ ಅಡಿಯೆಲ್ಲ ತೊಯ್ದು ಹೋಗುತ್ತದೆ, ಎಚ್ಚರ.

ಹನ್ನೊಂದು ಮಕ್ಕಳು ತಿಂದು ಹೋದರು. ಬೆಂಗಳೂರಿನಲ್ಲಿ ತಿಂದುದಕ್ಕಿಂತ ಚೆನ್ನಾಗಿದೆಯೆಂದು ಮೊಮ್ಮಗಳು ಹೇಳಲಿಲ್ಲ. ಅಲ್ಲಿಯದರಲ್ಲಿ ಚೀಸ್ ಹೆಚ್ಚು ಎಂದಳು. ಕೈಯಲ್ಲಿ ನಾದಿದುದು ಯಾವುದು, ಯಂತ್ರ ನಾದಿದುದು ಯಾವುದು ಎಂದು ನಾದಿನಿಗೆ ಕೊಟ್ಟು ಕೇಳಿದೆವು. ಆಕೆ ಯಂತ್ರದ್ದನ್ನೇ ತೋರಿಸಿ, "ಇದು ನಮ್ಮ ಅತ್ತಿಗೆಯ ಕೈ" ಎಂದಳು. ಸೊಸೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಹೇಳಲಿಲ್ಲ. ಈ ಪತ್ರಿಕೆ ಆಕೆಯ ಮನೆಗೂ ಹೋಗುತ್ತದೆಯಾದುದರಿಂದ ಈಗ ತಿಳಿಯಲಿ.

ಮರುವಾರ ಸೊಸೆಯನ್ನು ನಾನೇ ಸೇಲಂಗೆ ಕರೆದುಕೊಂಡು ಹೋದೆ. ಹೆಬ್ಬೆರಳು ಅಲುಗದಂತೆ ಪಟ್ಟಿ ಹಾಕಿ, ಮಗುವನ್ನು ಎತ್ತುವಾಗ ಕಂಕುಳಿಗೆ ಹೆಬ್ಬೆರಳು ಸಿಕ್ಕಿಸಿ ಎತ್ತದೆ ಅಂಗೈಗಳನ್ನು ಅದರ ಅಡಿಗೆ ಕೊಟ್ಟು ಎತ್ತಬೇಕೆಂದು ತೋರಿಸಿಕೊಟ್ಟರು. ಎಳೆಮಕ್ಕಳ ತಾಯಂದಿರು ಇದನ್ನು ಗಮನಿಸಬೇಕು. ನೋವು ಹಳೆಯದಾಗಲು ಬಿಡದೆ ವೈದ್ಯರಿಗೆ ತೋರಿಸಬೇಕು, ಮನೆಯಲ್ಲಿಯೂ ಬಾಯಿಬಿಟ್ಟು ಹೇಳಬೇಕು. ಚಪಾತಿ ಹಿಟ್ಟನ್ನು ಈಗ ಯಂತ್ರವೇ ನಾದುತ್ತಿದೆ. ಲಟ್ಟಿಸುವುದು ನಾನು, ಸುಡುವುದು ಆಕೆ. ಹೋಳಿಗೆಯ ಕಣಕವನ್ನು ಅದರಲ್ಲಿ ಮಾಡಬಹುದೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ. ಎಣ್ಣೆ ಹೆಚ್ಚಾದುದರಿಂದ ಅಲಗು ಜಾರೀತೆಂದು ಆಕೆ, ಎಣ್ಣೆಯನ್ನು ನಾದಿದ ಮೇಲೆ ಹಾಕಿದರಾಯಿತೆಂದು ನಾನು. ಗೌರಿಹಬ್ಬಕ್ಕೆ ಅರ್ಧ ಕಿಲೋದಲ್ಲಿ ಮಾಡಿ ನೋಡುವವರಿದ್ದೇವೆ. ಕೆಟ್ಟರೂ ಬಾನಿಗೆ ಹಾಕುವುದಿಲ್ಲವೆಂದು ಒಪ್ಪಂದವಾಗಿದೆ.